ದೀಪ ಮರೆಮಾಡಿ ನಿಲ್ಲುತ್ತಿದ್ದವರು

ನಂಜನಗೂಡಿನಿಂದ ನರಸೀಪುರಕ್ಕೆ ಬರುವ ರಸ್ತೆಯಲ್ಲಿ ಎದುರಿನಿಂದ ಎತ್ತಿನ ಗಾಡಿ ಬಂದರೆ ಬೈಸಿಕಲ್ಲಿನಿಂದ ಇಳಿದು, ದೀಪ ಮರೆಮಾಡಿ, ಗಾಡಿ ದಾಟುವವರೆಗೂ ಪಕ್ಕಕ್ಕೆ ನಿಲ್ಲುತ್ತಿದ್ದ ಒಬ್ಬ ಓವರ್ಸಿಯರ್ ಇದ್ದರು. ಹೋದ ಮಾಘದಲ್ಲಿ ತೀರಿಕೊಂಡರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರಿಗೆ ಹೆಸರಿನ ಮೋಹ ಇರಲಿಲ್ಲ ಎಂದು ಹೇಳಿ ಜಾರಿಕೊಳ್ಳಬಹುದು. ನಿಜ ಹೇಳಬೇಕೆಂದರೆ ಬರೆಯಲು ನನಗೆ ಮುಖವಿಲ್ಲ.

ನಂಜನಗೂಡಿನಲ್ಲಿ ನಮ್ಮ ಮನೆಯಿಂದ ಮೂರನೆಯದು ಅವರ ಮನೆ. ಹೆಂಡತಿ ಬೇಗ ಹೋಗಿಬಿಟ್ಟಿದ್ದರು, ಮಕ್ಕಳಿರಲಿಲ್ಲ. ಎತ್ತರದ ಆಳು. ಮುಚ್ಚುಕೋಟು, ಕಚ್ಚೆಪಂಚೆ, ತಲೆಗೆ ರುಮಾಲು. ಬೈಸಿಕಲ್ ಹತ್ತುವ ಮುಂಚೆ ಪಂಚೆ ಸರಪಳಿಗೆ ಸಿಕ್ಕದ ಹಾಗೆ ಕಣಕಾಲಿಗೆ ಒಂದು ಸೆಣಬಿನ ದಾರ ಕಟ್ಟಿಕೊಳ್ಳುತ್ತಿದ್ದರು. ಆ ದಾರವನ್ನು ಬಿಚ್ಚುವುದು ಮರೆತು ದೇವಸ್ಥಾನಕ್ಕೂ ಹಾಗೆಯೇ ಹೋಗಿಬಿಡುತ್ತಿದ್ದರು. ಯಾರಾದರೂ ತೋರಿಸಿದರೆ, "ಇರಲಿ ಬಿಡಿ, ದೇವರೇನು ನನ್ನ ಕಾಲು ನೋಡ್ತಾನಾ?" ಎನ್ನುವರು.

ಅವರ ಕೆಲಸ ರಸ್ತೆಯದು. ಜಲ್ಲಿ ರಾಶಿಗಳನ್ನು ಅಳೆಯುವುದು, ಮೋರಿ ಕಟ್ಟಿಸುವುದು, ಹಳ್ಳ ಬಿದ್ದಲ್ಲಿ ಮಣ್ಣು ಹಾಕಿಸುವುದು. ಬಿಸಿಲಿಗೆ ಮುಂಚೆ ಕೂಲಿಯವರನ್ನು ಸೇರಿಸಬೇಕಾದ್ದರಿಂದ ಕತ್ತಲಿರುವಾಗಲೇ ಹೊರಡುತ್ತಿದ್ದರು. ಅದಕ್ಕಾಗಿ ಮೈಸೂರಿನಿಂದ ಒಂದು ಕಾರ್ಬೈಡ್ ದೀಪ ತರಿಸಿಕೊಂಡಿದ್ದರು. ಆಗ ನಮ್ಮ ಕಡೆ ಬೈಸಿಕಲ್ಲುಗಳೇ ನಾಲ್ಕೋ ಐದೋ. ಅವಕ್ಕೂ ಎಣ್ಣೆ ದೀಪ. ಇವರದು ಮಾತ್ರ ಬೇರೆ. ಕೆಳಗಿನ ಡಬ್ಬಿಯಲ್ಲಿ ಕಾರ್ಬೈಡ್ ಗಡ್ಡೆ, ಮೇಲಿನದರಲ್ಲಿ ನೀರು. ತಿರುಪು ಸಡಿಲಿಸಿದರೆ ನೀರು ತೊಟ್ಟಿಕ್ಕಿ ಗ್ಯಾಸು ಏಳುವುದು. ಕಡ್ಡಿ ಗೀರಿ ಹಿಡಿದರೆ ಬುಸ್ಸೆಂದು ಹೊತ್ತಿಕೊಂಡು ಬೆಳ್ಳಗೆ ಉರಿಯುವುದು. ಬೀದಿಯ ಈ ತುದಿಯಲ್ಲಿ ಹಚ್ಚಿದರೆ ಆ ತುದಿಯ ಮನೆಯ ಗೋಡೆಯ ಬಿರುಕು ಕಾಣುತ್ತಿತ್ತು. ಉರಿದು ಮಿಕ್ಕ ಸುಣ್ಣದಂಥ ರೊಚ್ಚನ್ನು ಬೇರೆಯವರಾದರೆ ಎಸೆಯುತ್ತಿದ್ದರು. ಇವರು ಅದನ್ನು ಒಂದು ಮಡಕೆಯಲ್ಲಿ ಕೂಡಿಟ್ಟು, ತಿಂಗಳಿಗೊಮ್ಮೆ ತಾವೇ ಹೋಗಿ ಮೈಲಿಗಲ್ಲುಗಳಿಗೆ ಬಳಿಯುತ್ತಿದ್ದರು.

ಆ ದೀಪಕ್ಕೆ ಅವರು ಮಾಡಿಸಿದ್ದ ಒಂದು ಏರ್ಪಾಡಿತ್ತು. ಬಿಸ್ಕತ್ತಿನ ಡಬ್ಬದ ತಗಡು ಕತ್ತರಿಸಿ, ಮುಂದೆ ಇಳಿಬೀಳುವ ಹಾಗೆ ಒಂದು ಪರದೆ. ದಾರ ಎಳೆದರೆ ಪರದೆ ಬಿದ್ದು ಬೆಳಕು ನೆಲಕ್ಕೆ ಮಾತ್ರ ಸುರಿಯುವುದು. ಯಾಕೆಂದರೆ ಆ ರಸ್ತೆಯ ಗಾಡಿಗಳ ರೀತಿಯೇ ಹಾಗಿತ್ತು. ನರಸೀಪುರದ ಕಡೆಯಿಂದ ಬೆಲ್ಲ, ಅಕ್ಕಿ ಹೇರಿಕೊಂಡು ಎಂಟು ಹತ್ತು ಗಾಡಿಗಳು ಒಟ್ಟಾಗಿ ನಂಜನಗೂಡಿನ ರೈಲ್ವೆ ಸ್ಟೇಷನ್ನಿಗೆ ಹೊರಡುತ್ತಿದ್ದವು. ಮೊದಲ ಗಾಡಿಯ ಅಚ್ಚಿನ ಕೆಳಗೆ ಒಂದು ಲಾಟೀನು. ಗಾಡಿಯವರು ಮೂಟೆಗಳ ಮೇಲೆ ಕಂಬಳಿ ಹೊದ್ದು ಮಲಗಿಬಿಡುತ್ತಿದ್ದರು. ಮುಂದಿನ ಜೋಡಿಗೆ ದಾರಿ ಗೊತ್ತು, ಹಿಂದಿನವಕ್ಕೆ ಮುಂದಿನ ಗಾಡಿ ಗೊತ್ತು. ಎದುರಿಗೆ ಬಂದವರು ಯಾರೇ ಆಗಲಿ, ಮಲಗಿದವರನ್ನು ಎಬ್ಬಿಸದೆ ತಾವೇ ಸರಿದುಕೊಳ್ಳಬೇಕು. ಅದು ಯಾರೂ ಬರೆದಿಡದ ಕಟ್ಟಳೆ.

"ಬೆಳಕು ಇರೋದು ನಮ್ಮ ದಾರಿ ನೋಡ್ಕೊಳ್ಳೋಕೆ ಕಣ್ರೀ, ಎದುರಿನೋರ ದಾರಿ ಕೆಡಿಸೋಕಲ್ಲ," ಎಂದು ಅವರು ನನಗೆ ಹೇಳುತ್ತಿದ್ದರು. ಲಾಟೀನು ದೂರದಲ್ಲಿ ಕಂಡಕೂಡಲೆ ಇಳಿಯುವರು, ಪರದೆ ಎಳೆಯುವರು, ರಸ್ತೆಯ ಅಂಚಿಗೆ ನಿಂತು ಎತ್ತುಗಳಿಗೆ ಕೇಳುವಷ್ಟೇ ಮೆಲ್ಲಗೆ, "ಹೋ, ಹೋ, ನಡೀರಪ್ಪ," ಎನ್ನುವರು. ಎಚ್ಚರವಿದ್ದ ಗಾಡಿಯವರು ಚಾವಟಿ ಮೇಲೆತ್ತಿ, "ವರ್ಸೀರಪ್ನೋರಾ? ಚೆಂದಾಗಿದ್ದೀರಾ ಬುದ್ದೀ?" ಎಂದು ಮಾತನಾಡಿಸುವರು. ಒಂದು ಅಚ್ಚು ಬೆಲ್ಲ ಕೈಗೆ ಹಾಕುವರು. ಇವರು ಅದನ್ನು ಕೋಟಿನ ಜೇಬಿಗೆ ಸೇರಿಸಿ ಮರೆತುಬಿಡುವರು. ಅವರ ಕೋಟಿನಲ್ಲಿ ಯಾವಾಗಲೂ ಇರುವೆ. ಕುಳಿತಲ್ಲಿ ನಿಂತಲ್ಲಿ ಕೊರಳು ತುರಿಸಿಕೊಳ್ಳುತ್ತಿದ್ದರು.

ಊರಿನ ಜನ ಅವರಿಗೆ 'ಎತ್ತಿಗೆ ಸಲಾಮು ಹೊಡೆಯೋ ಓವರ್ಸಿಯರ್' ಎಂದು ಹೆಸರಿಟ್ಟಿದ್ದರು. ಅವರ ಕಿವಿಗೂ ಬಿದ್ದಿತ್ತು. "ರಸ್ತೆ ಸವೆದರೆ ತಾನೇ ನನಗೆ ಕೆಲಸ? ಸವೆಸೋರು ಅವರು. ಅವರಿಗಲ್ಲದೆ ಇನ್ಯಾರಿಗೆ ಹೊಡೀಲಿ?" ಎಂದು ನಕ್ಕರಂತೆ. ಆ ಗಾಡಿಯವರ ಮಾತೇ ಅವರಿಗೆ ಇದ್ದ ಬಂಧುಬಳಗ. ಇದನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ. ನನಗೆ ಗೊತ್ತಿತ್ತು.

ಇನ್ನು ನನ್ನ ವಿಷಯ. ನನಗೆ ಆಗ ಇಪ್ಪತ್ತೆರಡು. ನರಸೀಪುರದ ತಾಲ್ಲೂಕು ಕಚೇರಿಯಲ್ಲಿ ಹಂಗಾಮಿ ಗುಮಾಸ್ತನಾಗಿ ಸೇರಿ ಮೂರು ತಿಂಗಳಾಗಿತ್ತು. ಭಾನುವಾರ ಅಮ್ಮನನ್ನು ನೋಡಲು ನಂಜನಗೂಡಿಗೆ ಬಂದವನು ಹಿಂದಕ್ಕೆ ಹೊರಡುವ ಗಾಡಿಯನ್ನು ತಪ್ಪಿಸಿಕೊಂಡೆ. ಸೋಮವಾರ ಬೆಳಿಗ್ಗೆ ಅಮಲ್ದಾರರು ಬರುವ ಮೊದಲು ಕಚೇರಿಯಲ್ಲಿರಬೇಕು. ಓವರ್ಸಿಯರ ಹತ್ತಿರ ಹೋಗಿ ಬೈಸಿಕಲ್ ಕೇಳಿದೆ. "ತಗೊಂಡು ಹೋಗಿ, ಅದಕ್ಕೇನಂತೆ," ಎಂದರು. ಪರದೆಯ ದಾರವನ್ನು ಎರಡು ಸಲ ಎಳೆದು ತೋರಿಸಿದರು. "ಲಾಟೀನು ಕಂಡ್ರೆ ಇಳೀಬೇಕು. ಇಳಿದು ಇದನ್ನ ಎಳೀಬೇಕು. ಮರೀಬೇಡಿ." ನಾನು ಮರೆಯುವುದಿಲ್ಲ ಎಂದೆ.

ಮರೆಯಲಿಲ್ಲ, ಅದನ್ನೇ ನಾನು ಹೇಳಬೇಕಾಗಿರುವುದು. ಕೋಳಿ ಕೂಗುವ ಹೊತ್ತಿಗೆ ಹೊರಟೆ. ಆ ಬೆಳಕಿನ ಹಿಂದೆ ಕೂತು ಹೋಗುತ್ತಿದ್ದರೆ ರಸ್ತೆಯೆಲ್ಲ ನನ್ನದೇ ಎನಿಸುತ್ತಿತ್ತು. ಮರಗಳು ಬೆಳ್ಳಗೆ ಎದ್ದು ಬಂದು ಪಕ್ಕಕ್ಕೆ ಸರಿಯುತ್ತಿದ್ದವು. ಸುಮಾರು ಅರ್ಧ ದಾರಿ ಕಳೆದ ಮೇಲೆ ಮುಂದೆ ಲಾಟೀನು ಕಂಡಿತು. ದಾರ ಕೈಗೆ ಸಿಕ್ಕುವಂತೆಯೇ ಇತ್ತು. ಇನ್ನೊಂದು ಸ್ವಲ್ಪ ಹತ್ತಿರ ಹೋಗೋಣ, ಈ ಬೆಳಕಿನಲ್ಲಿ ಗಾಡಿ ಹೇಗೆ ಕಾಣುತ್ತದೆ ನೋಡೋಣ ಎಂದುಕೊಂಡೆ. ಅಷ್ಟೆ. ಬೇರೆ ಕಾರಣ ಹುಡುಕಿದರೂ ಸಿಕ್ಕುವುದಿಲ್ಲ.

ಎಡಗಡೆಯ ಎತ್ತಿನ ಹಣೆಯಲ್ಲಿ ಬಿಳಿ ಮಚ್ಚೆ ಇತ್ತು. ಕಣ್ಣುಗಳು ಹಸಿರಾಗಿ ಹೊಳೆದವು. ಎರಡೂ ಒಮ್ಮೆಲೆ ಮುಖ ತಿರುಗಿಸಿ ರಸ್ತೆ ಬಿಟ್ಟು ಕೆಳಗೆ ಹಾರಿದವು. ಗಾಡಿ ಅವುಗಳ ಮೇಲೆಯೇ ಮಗುಚಿತು. ಮೂಟೆಗಳು ಬಿದ್ದ ಶಬ್ದ, ಆಮೇಲೆ ಒಬ್ಬ ಮನುಷ್ಯನ ಕೂಗು. ಹಿಂದಿನ ಗಾಡಿಗಳವರು ಎದ್ದು, "ಯಾರ್ಲಾ ಅದು? ನಿಲ್ಲಿಸ್ಲಾ," ಎಂದು ಅರಚಿದರು. ನಾನು ನಿಲ್ಲಿಸಲಿಲ್ಲ. ಗಾಡಿಗಳ ಸಾಲಿನ ಪಕ್ಕದಲ್ಲೇ ತುಳಿದುಕೊಂಡು ಹೊರಟುಹೋದೆ.

ಸೋಸಲೆಯ ಮಾದಪ್ಪ ಎಂಬವನ ಗಾಡಿ ಅದು. ಮಚ್ಚೆಯ ಎತ್ತು ನೊಗದ ಕೆಳಗೆ ಕುತ್ತಿಗೆ ಮುರಿದುಕೊಂಡು ಅಲ್ಲೇ ಸತ್ತಿತು. ಮಾದಪ್ಪನ ಬಲಗಾಲು ಚಕ್ರದ ಅಡಿ ಸಿಕ್ಕಿ ಮೊಣಕಾಲಿನಿಂದ ಕೆಳಗೆ ನುಚ್ಚಾಯಿತು. ಗಾಡಿಯವರು ಕಂಡದ್ದು ಬೆಳ್ಳಗಿನ ದೀಪವನ್ನು ಮಾತ್ರ. ಆ ರಸ್ತೆಯಲ್ಲಿ ಅಂಥ ದೀಪ ಒಬ್ಬರದೇ.

ಅಂದು ಮಧ್ಯಾಹ್ನ ಓವರ್ಸಿಯರ್ ಯಾರದೋ ಗಾಡಿ ಹಿಡಿದು ನರಸೀಪುರಕ್ಕೆ ಬಂದರು. ದಾರಿಯುದ್ದಕ್ಕೂ ಸುದ್ದಿ ಕೇಳಿಕೊಂಡೇ ಬಂದಿರಬೇಕು. ಕಚೇರಿಯ ಹಿಂದುಗಡೆ ಗೋಡೆಗೆ ಒರಗಿಸಿದ್ದ ಬೈಸಿಕಲ್ಲಿನ ಹತ್ತಿರ ಹೋಗಿ, ತಗಡಿನ ಪರದೆಯನ್ನು ಬೆರಳಿಂದ ಮುಟ್ಟಿ ನೋಡಿದರು.

"ಎಳೆದಿದ್ರಾ?" ಎಂದು ಕೇಳಿದರು.

"ಇಲ್ಲ," ಎಂದೆ.

ಅವರು ಪರದೆಯಿಂದ ಬೆರಳು ತೆಗೆದರು. ಕೊರಳ ಹತ್ತಿರ ಒಂದು ಇರುವೆ ತೆಗೆದು ಬಿಸಾಡಿದರು. ಆಮೇಲೆ, "ಊಟ ಆಯ್ತಾ ನಿಮ್ಮದು?" ಎಂದರು.

ಎರಡು ದಿನದ ಮೇಲೆ ಅಮಲ್ದಾರರ ಮುಂದೆ ವಿಚಾರಣೆ. ಮಾದಪ್ಪನನ್ನು ಮಂಚದ ಮೇಲೆ ಹೊತ್ತು ತಂದಿದ್ದರು. ಗಾಡಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಹೇಳಿಕೆ ಬರೆದುಕೊಳ್ಳುವ ಗುಮಾಸ್ತ ರಜೆಯ ಮೇಲಿದ್ದ. ಆ ಕೆಲಸ ನನಗೆ ಬಂತು. ಓವರ್ಸಿಯರ್ ನನ್ನ ಮುಂದೆ ನಿಂತು, ನನ್ನ ಲೇಖನಿಯನ್ನು ನೋಡುತ್ತ, ನಿಧಾನವಾಗಿ ಹೇಳಿದರು. "ಬರ್ಕೊಳ್ಳಿ. ಆ ದಿನ ದೀಪ ಹಚ್ಚಿಕೊಂಡು ಬಂದವನು ನಾನೇ. ಪರದೆ ಎಳೆಯದೆ ಇದ್ದದ್ದು ನನ್ನ ತಪ್ಪು. ನಿಲ್ಲದೆ ಹೋದದ್ದೂ ನನ್ನ ತಪ್ಪು."

ನಾನು ಬರೆದೆ. ಅವರು ಆ ಹೊತ್ತಿನಲ್ಲಿ ನಂಜನಗೂಡಿನ ಹೊಳೆಯಲ್ಲಿ ಸ್ನಾನ ಮಾಡುತ್ತಿದ್ದರೆಂದು ಹೇಳಲು ಹತ್ತು ಜನ ಇದ್ದರು, ಅವರನ್ನು ಯಾರೂ ಕೇಳಲಿಲ್ಲ. ಬರೆದದ್ದನ್ನು ಎರಡೂ ಕಡೆಯವರಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಕಚೇರಿಯ ಪದ್ಧತಿ ಹಾಗೆ. ಮಂಚದ ಪಕ್ಕದಲ್ಲಿ ನಿಂತು ಓದಿದೆ. ಮಾದಪ್ಪ ಕಣ್ಣು ಮಿಟುಕಿಸದೆ ಕೇಳಿಸಿಕೊಂಡ. ಹೆಬ್ಬೆಟ್ಟು ಒತ್ತಿದ. ಅಮಲ್ದಾರರು ಕಾಗದ ತಿರುವಿ ನೋಡಿ, "ಅಕ್ಷರ ದುಂಡಗಿದೆ ಕಣಯ್ಯ," ಎಂದು ನನಗೆ ಹೇಳಿದರು. ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಯಿತು.

ಓವರ್ಸಿಯರಿಗೆ ಮೇಲಿನವರಿಂದ ಛೀಮಾರಿ ಬಂತು. ಅವರು ಕಾಯುತ್ತಿದ್ದ ಬಡ್ತಿ ಹೋಯಿತು. ಓವರ್ಸಿಯರಾಗಿಯೇ ಪಿಂಚಣಿಗೆ ಹೋದರು. ನಾನು ಒಂದು ಸಲ, ಒಂದೇ ಸಲ, ಅವರ ಮನೆಗೆ ಹೋಗಿ, "ಯಾಕೆ ಹಾಗೆ ಹೇಳಿದಿರಿ?" ಎಂದು ಕೇಳಿದೆ. ಅವರು ದೀಪದ ಡಬ್ಬಿ ತೊಳೆಯುತ್ತಿದ್ದರು. "ದೀಪ ನಂದು ತಾನೇ? ಎತ್ತು ಕಂಡಿದ್ದು ದೀಪಾನ. ಹಿಂದೆ ಯಾರು ಕೂತಿದ್ರು ಅಂತ ಅದೇನು ನೋಡಿತಾ?" ಎಂದರು. "ನಿಮಗಿನ್ನೂ ಕೆಲಸ ಭದ್ರ ಆಗಿರಲಿಲ್ಲ," ಎಂದು ಸೇರಿಸಿದರು. ನಾನು ಆಗಲಾದರೂ ಅಳಬಹುದಿತ್ತು. ಡಬ್ಬಿ ಒರೆಸಲು ಬಟ್ಟೆ ಎತ್ತಿಕೊಟ್ಟೆ.

ಬಡ್ತಿ ಹೋದದ್ದು ಅವರಿಗೆ ಅಷ್ಟು ನೋಯಲಿಲ್ಲ ಎಂದು ನಾನು ನಂಬಿದ್ದೇನೆ. ನೋಯಿಸಿದ್ದು ಬೇರೆ. ಒಂದು ಸಂಜೆ ಅವರೂ ನಾನೂ ನಂಜನಗೂಡಿನ ಕಡೆ ಬರುತ್ತಿದ್ದೆವು. ಬೈಸಿಕಲ್ ತಳ್ಳಿಕೊಂಡು ನಡೆದೇ ಬರುತ್ತಿದ್ದೆವು. ಎದುರಿಗೆ ಗಾಡಿಗಳು ಬಂದವು. ಅವರು ಪರದೆ ಎಳೆದು ಅಂಚಿಗೆ ನಿಂತರು. ಗಾಡಿಯವರು ಎಚ್ಚರವಾಗಿಯೇ ಇದ್ದರು. ಒಂಬತ್ತು ಗಾಡಿ ದಾಟಿತು. ಒಬ್ಬನೂ ಚಾವಟಿ ಎತ್ತಲಿಲ್ಲ, ಒಬ್ಬನೂ ಮಾತನಾಡಿಸಲಿಲ್ಲ. ಕೊನೆಯವನು ಇವರ ಮುಖ ಕಾಣುತ್ತಲೇ ಆ ಕಡೆ ತಿರುಗಿ ಉಗುಳಿದ. ಇವರು ಮಾತ್ರ, "ಹೋ, ಹೋ, ನಡೀರಪ್ಪ," ಎನ್ನುತ್ತಲೇ ಇದ್ದರು. ನಾನು ಒಂದು ಮಾತು ಹೇಳಿದ್ದರೆ ಅವರೆಲ್ಲ ಗಾಡಿ ನಿಲ್ಲಿಸಿ ಇಳಿದು ಬರುತ್ತಿದ್ದರು. ನನಗೆ ನಾಲಗೆ ಇತ್ತು. ಪಕ್ಕದಲ್ಲಿ ನಿಂತಿದ್ದೆ.

ಅದು ಒಂದು ದಿನದ ಮಾತಲ್ಲ. ವರ್ಷಗಟ್ಟಲೆ ಹಾಗೆಯೇ ನಡೆಯಿತು. ಅವರು ಇಳಿಯುವುದನ್ನೂ ಬಿಡಲಿಲ್ಲ, ಗಾಡಿಯವರು ಮುಖ ತಿರುಗಿಸುವುದನ್ನೂ ಬಿಡಲಿಲ್ಲ. ಕೋಟಿನಲ್ಲಿ ಇರುವೆ ಇಲ್ಲವಾಯಿತು.

ನಮ್ಮ ಕಡೆ ಮೋಟಾರು ಕಾಣಿಸಿಕೊಂಡ ಹೊಸದರಲ್ಲಿ ನಡೆದದ್ದೊಂದನ್ನು ಹೇಳಬೇಕು. ಯಾರೋ ದೊಡ್ಡ ಅಧಿಕಾರಿಯ ಮೋಟಾರು ಎರಡು ದೊಡ್ಡ ದೀಪ ಉರಿಸಿಕೊಂಡು, ಹಾರನ್ನು ಒತ್ತಿಕೊಂಡು ಬರುತ್ತಿತ್ತು. ಈ ಕಡೆಯಿಂದ ಬೆಲ್ಲದ ಗಾಡಿಗಳು. ಓವರ್ಸಿಯರ್ ಬೈಸಿಕಲ್ಲನ್ನು ಅಡ್ಡ ಮಲಗಿಸಿ ರಸ್ತೆಯ ಮಧ್ಯೆ ಕೈ ಚಾಚಿ ನಿಂತುಬಿಟ್ಟರು. ಮೋಟಾರು ನಿಂತಿತು. ಒಳಗಿದ್ದ ಅಧಿಕಾರಿ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬೈದರು. ಇವರು ಕೈಮುಗಿದು, "ಗಾಡಿ ದಾಟ್ಲಿ ಸ್ವಾಮಿ, ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ, ನಿಂತುಕೊಂಡು ಕೇಳ್ತೀನಿ. ಅಲ್ಲೀತನಕ ದೀಪ ಆರಿಸಿ," ಎಂದರು. ಡ್ರೈವರು ಆರಿಸಿದ. ಗಾಡಿಗಳು ದಾಟಿದವು. ಅವರು ಹೇಳಿದ ಮಾತಿನಂತೆ ನಿಂತುಕೊಂಡು ಬೈಸಿಕೊಂಡರು. ಇದನ್ನು ನನಗೆ ಹೇಳಿದವನು ಆ ಡ್ರೈವರೇ. ಗಾಡಿಯವರು ಏನೂ ಅನ್ನಲಿಲ್ಲವೇ ಎಂದು ಕೇಳಿದೆ. ಇಲ್ಲ ಎಂದ.

ನಾನು ಸೋಸಲೆಗೆ ಹೊರಟದ್ದು ಎಷ್ಟು ಸಲವೋ. ಮಾದಪ್ಪನಿಗೆ ಹೇಳಿಬಿಡಬೇಕು, ಅವನು ಉಳಿದವರಿಗೆ ಹೇಳುತ್ತಾನೆ ಎಂದುಕೊಂಡು ಹೊಳೆಯ ದಂಡೆಯವರೆಗೆ ಹೋಗುತ್ತಿದ್ದೆ. ಮದುವೆ ಆಗಲಿ ಎಂದುಕೊಂಡೆ. ಮಗು ಹುಟ್ಟಲಿ ಎಂದುಕೊಂಡೆ. ಶಿರಸ್ತೇದಾರ್ ಆದ ಮೇಲೆ, ಇಷ್ಟು ದೊಡ್ಡ ಹುದ್ದೆಯಲ್ಲಿ ಇರುವವನು ಹೇಗೆ ಹೇಳುವುದು ಎಂದುಕೊಂಡೆ. ಓವರ್ಸಿಯರ್ ಮಾತ್ರ ತಪ್ಪದೆ ಅಲ್ಲಿಗೆ ಹೋಗುತ್ತಿದ್ದರು. ಜಗಲಿಯ ಮೇಲೆ ಕೂತು, ಮಾದಪ್ಪ ಮಾತನಾಡದಿದ್ದರೂ ಸ್ವಲ್ಪ ಹೊತ್ತು ಇದ್ದು ಬರುತ್ತಿದ್ದರು. ಅವನ ಕಾಲು ಹೇಗಿದೆ ಎಂದು ನನಗೆ ಬಂದು ಹೇಳುತ್ತಿದ್ದರು. ನಾನು ಕೇಳದಿದ್ದರೂ ಹೇಳುತ್ತಿದ್ದರು.

ಮಾಘದಲ್ಲಿ ಜ್ವರ ಬಂದು ನಾಲ್ಕೇ ದಿನಕ್ಕೆ ಹೋದರು. ನಾನು ತಲುಪುವ ಹೊತ್ತಿಗೆ ಮಾತು ನಿಂತಿತ್ತು. ಕಪಿಲೆಯ ದಂಡೆಯಲ್ಲಿ ಸುಟ್ಟೆವು. ಹನ್ನೊಂದು ಜನ ಇದ್ದೆವು. ಗಾಡಿಯವರು ಯಾರೂ ಇರಲಿಲ್ಲ. ಸೇತುವೆಯ ಮೇಲೆ ಗಾಡಿಗಳು ಹೋಗುತ್ತಿದ್ದದ್ದು ಕಾಣುತ್ತಿತ್ತು. ನನಗೆ ಅಳು ಬರಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ ಊಟ ಮಾಡಿದೆ, ನಿದ್ದೆಯೂ ಬಂತು. ಏನೂ ಅನ್ನಿಸುತ್ತಿಲ್ಲವಲ್ಲ ಎಂದು ಮಾತ್ರ ಅನ್ನಿಸುತ್ತಿತ್ತು. ಅದು ಇಂದಿಗೂ ಹಾಗೆಯೇ ಇದೆ.

ಹದಿನಾಲ್ಕನೆಯ ದಿನ ಹೊಳೆ ದಾಟಿ ಸೋಸಲೆಗೆ ಹೋದೆ. ಮಾದಪ್ಪ ಜಗಲಿಯ ಮೇಲೆ ಸೊಟ್ಟ ಕಾಲನ್ನು ಉದ್ದಕ್ಕೆ ಚಾಚಿಕೊಂಡು ಹಗ್ಗ ಹೊಸೆಯುತ್ತಿದ್ದ. ತಲೆ ಪೂರ್ತಿ ನರೆತಿತ್ತು. ನನ್ನನ್ನು ಗುರುತಿಸಿ, "ಕಚೇರಿ ಬುದ್ಯೋರಲ್ವಾ? ಬನ್ನಿ, ಕುಂತ್ಕಳಿ," ಎಂದ.

"ಓವರ್ಸಿಯರ್ ತೀರಿಕೊಂಡರು, ಮಾದಪ್ಪ," ಎಂದೆ.

ಅವನ ಕೈ ನಿಂತಿತು. "ಅದ್ಕೇಯ ಇತ್ತಿತ್ಲಾಗೆ ಬಂದಿರ್ನಿಲ್ಲ," ಎಂದು ತನಗೆ ತಾನೇ ಹೇಳಿಕೊಂಡ.

ದಾರಿಯಲ್ಲಿ ಹಲವು ಪೀಠಿಕೆಗಳನ್ನು ಯೋಚಿಸಿಕೊಂಡು ಬಂದಿದ್ದೆ. ಒಂದೂ ನೆನಪಾಗಲಿಲ್ಲ. "ಆವತ್ತು ಬೈಸಿಕಲ್ ಮೇಲೆ ಇದ್ದವರು ಅವರಲ್ಲ. ನಾನು. ನಿನ್ನ ಕಾಲು ಮುರಿದವನು ನಾನು," ಎಂದೆ.

ಮಾದಪ್ಪ ನನ್ನ ಮುಖವನ್ನೇ ನೋಡಿದ. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಬುಡಿ ಬುದ್ದೀ," ಎಂದ, ಮೆಲ್ಲಗೆ. "ಸತ್ತೋರ ಮ್ಯಾಲೆ ಪಿರೀತಿ ಇರ್ಬೇಕು, ದಿಟ. ಅಂಗಂತ ಅವರು ಮಾಡಿದ್ನ ನಿಮ್ ತಲೆ ಮ್ಯಾಕೆ ಆಕ್ಕೊಬ್ಯಾಡಿ."

"ಇಲ್ಲ ಮಾದಪ್ಪ, ದಿಟವಾಗಿಯೂ ನಾನೇ. ಎಡಗಡೆ ಎತ್ತಿನ ಹಣೆಯಲ್ಲಿ ಬಿಳಿ ಮಚ್ಚೆ ಇತ್ತು. ನಾನು ಕಣ್ಣಾರೆ ಕಂಡೆ."

"ಅವರೇ ಯೋಳಿರ್ತಾರೆ ನಿಮ್ಗೆ. ಅವರು ಎಷ್ಟ್ ಕಿತ ಇಲ್ಲಿಗ್ ಬಂದು ಕುಂತವ್ರೆ, ನಂಗೊತ್ತಿಲ್ವಾ? ಮಾಡಿಲ್ದಿದ್ರೆ ಯಾಕ್ ಬತ್ತಿದ್ರು?"

ಮೂರನೆಯ ಸಲ ಹೇಳಿದೆ. ಅವನು ತಲೆಯಾಡಿಸಿದ. ಚಿಕ್ಕವರಿಗೆ ತಿಳಿಹೇಳುವ ಹಾಗೆ ನನ್ನ ಮೊಣಕೈ ಹಿಡಿದುಕೊಂಡ.

"ಆವತ್ತು ಕಚೇರೀಲಿ ನೀವೇ ಬರ್ದು, ನೀವೇ ಓದಿ ಯೋಳಿದ್ರಿ ಬುದ್ದೀ. ನನ್ ಮಂಚದ್ ಪಕ್ದಾಗೇ ನಿಂತಿದ್ರಿ. ಬಂದೋನು ನಾನೇ ಅಂತ ಅವರು ಒಪ್ಕಂಡಿದ್ನ ನಿಮ್ ಬಾಯಿಂದ್ಲೇ ಕೇಳಿಸ್ಕಂಡೆ. ನೀವಾಗಿದ್ರೆ ಅದ್ನ ಅಂಗೆ ನಿಂತ್ಕಂಡು ಓದೋಕಾಯ್ತಿತ್ತಾ? ಮನ್ಸ ಅಂದೋನ್ಗೆ ಆಯ್ತದಾ ಅದು?"

ನಾನು ಅವನ ಸೊಟ್ಟ ಕಾಲನ್ನು ನೋಡಿದೆ.

"ಇಂತಾ ಗೆಣೆಕಾರ್ರು ಇದ್ರಲ್ಲಾ ಅವರ್ಗೆ," ಎಂದ ಮಾದಪ್ಪ. "ಅಷ್ಟ್ ಕೆಟ್ಟೋರ್ಗೆ ಇಂತೋರು ಇರ್ತಿದ್ರಾ? ಓಗ್ಲಿ. ನಿಮ್ ಮಖ ನೋಡಿ ಅವರ್ನ ಬುಟ್ಬುಟ್ಟೆ ಬುದ್ದೀ. ಗಾಡಿಯೋರ್ಗೂ ಯೋಳ್ತೀನಿ, ಇನ್ಮ್ಯಾಕೆ ಯಾರೂ ಅವರ್ನ ಬಯ್ಯಕಿಲ್ಲ." ಒಳಗಡೆ ತಿರುಗಿ ಸೊಸೆಯನ್ನು ಕೂಗಿದ. "ಮಜ್ಜಿಗೆ ತಕ್ಕಬಾ ಮಗ. ದೊಡ್ ಮನುಸ್ರು ಬಂದವ್ರೆ."

ಆ ಹೆಣ್ಣುಮಗಳು ಲೋಟ ತೊಳೆದು ತುಂಬಿಸಿ ತಂದು ಕೊಟ್ಟಳು. ಬಿಸಿಲಲ್ಲಿ ನಡೆದು ಬಂದು ಬಾಯಾರಿತ್ತು. ಪೂರ್ತಿ ಕುಡಿದೆ.